ಹಾರ್ಡ್ ಡಿಸ್ಕಿನ ಬಾಯಿ ತೆಗೆಸಿದೆ

"ಪ್ಯಾಕೆಟ್ ಒಡದು ತೋರಿಸ್ರಿ" ಅಂದೆ. ಅಂಗಡಿಯವರು ನನ್ನನ್ನು ನೋಡಿದ ರೀತಿ ನೋಡಬೇಕಿತ್ತು ನೀವು... ಅವರ ಮನೆಯ ತಿಜೋರಿ ಕೀಲಿ ಕೇಳಿದೆನೇನೋ ಅನ್ನುವ ಹಾಗೆ.

ಶಹಾಪುರದ ಒಂದು ಕಂಪ್ಯೂಟರ್ ಅಂಗಡಿ. ನಾನು ಹೋಗಿದ್ದು ಮನೆಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ತರಲು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಪಡಸಾಲೆಯಲ್ಲಿ ಒಂದು ಎಂಬ್ರಾಯ್ಡರಿ ಮಷೀನ್ ಇದೆ, ಅದರ ಪಕ್ಕ ಕಂಪ್ಯೂಟರ್. ಮದುವೆ ಬ್ಲೌಸುಗಳ ಡಿಸೈನನ್ನು ಕಂಪ್ಯೂಟರಿನಲ್ಲಿ ನಾನೇ ಮಾಡುತ್ತೇನೆ, ಮಷೀನ್ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ.

ಶಿರವಾಳದ ಹಳೇ ಗುಡಿಯ ಕಂಬದ ಮೇಲೆ ಒಂದು ಬಳ್ಳಿ ಕೆತ್ತಿದ್ದಾರೆ. ಅದರ ಫೋಟೊ ತೆಗೆದುಕೊಂಡು ಬಂದು, ಒಂದೊಂದೇ ಎಲೆ ಬಿಡಿಸಿ, ಬ್ಲೌಸಿನ ತೋಳಿಗೆ ಇಳಿಸಿದ್ದೆ. ಈಗ ಸುರಪುರದಿಂದಲೂ ಮದುವೆ ಮನೆಯವರು "ಆ ಬಳ್ಳೀದ ಬೇಕ್ರಿ ನಮಗ" ಅಂತ ಹುಡುಕಿಕೊಂಡು ಬರುತ್ತಾರೆ. ಊರಲ್ಲಿ ನನಗಿರುವ ಹೆಸರು ಆ ಬಳ್ಳಿಯಿಂದಲೇ ಬಂದದ್ದು.

ಆ ಬಳ್ಳಿ ಇದ್ದದ್ದು ಹಳೇ ಡಿಸ್ಕಿನಲ್ಲಿ ಮಾತ್ರ. ಅದು ಕಟ್ ಕಟ್ ಎನ್ನಲು ಶುರು ಮಾಡಿ, ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಆಗುವುದೇ ನಿಂತಿತು.

ಉಳಿದದ್ದು ಒಂದೇ ದಾರಿ. ಹೊಸ ಡಿಸ್ಕ್ ಹಾಕಿ ಕಂಪ್ಯೂಟರ್ ಎಬ್ಬಿಸಬೇಕು, ಹಳೆಯದನ್ನು ಪಕ್ಕಕ್ಕೆ ಜೋಡಿಸಿ ಅದು ಸಾಯುವ ಮೊದಲು ಸಿಕ್ಕಷ್ಟು ಎಳೆದುಕೊಳ್ಳಬೇಕು. ಆ ಹೊತ್ತಿನಲ್ಲಿ ಹೊಸದೂ ಕೈಕೊಟ್ಟರೆ ಬಳ್ಳಿ ಹೋದಂತೆಯೇ.

ಅಂಗಡಿಯವರ ಮೊದಲ ಪ್ರಶ್ನೆಯೇ ನನ್ನ ಗಂಡನ ಬಗ್ಗೆ, "ಸಾಹೇಬ್ರು ಬಂದಿಲ್ಲೇನ್ರಿ?"

"ಕಂಪ್ಯೂಟರ್ ನಂದದ. ನನ್ನ ಕೂಡ ಮಾತಾಡ್ರಿ" ಅಂದೆ.

ಅವರು ದೊಡ್ಡ ಡಿಸ್ಕ್ ಮುಂದಿಟ್ಟು, "ಇದ ತಗೋರಿ ಅಕ್ಕಾರ, ಮಕ್ಕಳ ಪಿಚ್ಚರ್ ಇದ್ರಾಗ ಭಾಳ ಹಿಡೀತಾವ" ಅಂದರು. ನನ್ನ ಡಿಸೈನ್ ಫೈಲುಗಳು ಎಳ್ಳಿನಷ್ಟು. ನನಗೆ ಬೇಕಿದ್ದದ್ದು ಜಾಗ ಅಲ್ಲ, ಗಟ್ಟಿತನ. ಒಳಗೆ ತಿರುಗುವ ಭಾಗವೇ ಇಲ್ಲದ ಸಣ್ಣ ಎಸ್‌ಎಸ್‌ಡಿ ಕೊಡಿ ಅಂದೆ.

ಕೊಟ್ಟರು. ಸೀಲ್ ಇತ್ತು, ಆದರೆ ಪ್ಲಾಸ್ಟಿಕ್ ಯಾಕೋ ಮತ್ತೊಮ್ಮೆ ಅಂಟಿಸಿದ ಹಾಗೆ ಕಂಡಿತು. ಓಡಿ ಓಡಿ ಸವೆದ ಡಿಸ್ಕುಗಳನ್ನು ಒರೆಸಿ, ಹೊಸ ಡಬ್ಬಿಗೆ ಹಾಕಿ ಮಾರುತ್ತಾರೆ ಅಂತ ಓದಿದ್ದೆ. ಡಿಸ್ಕ್ ಎಷ್ಟು ತಾಸು ಓಡಿದೆ ಎಂದು ತೋರಿಸುವ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡೇ ಹೋಗಿದ್ದೆ.

ಅದಕ್ಕೇ ಕೇಳಿದ್ದು, ಒಡೆದು ತೋರಿಸಿ ಅಂತ.

"ನಮ್ಮ ಮ್ಯಾಲ ಭರೋಸಾ ಇಲ್ಲೇನ್ರಿ?" ಅಂದವರೇ ಫೋನ್ ತೆಗೆದು ನನ್ನ ಗಂಡನಿಗೆ ಹಚ್ಚಿದರು. ಗಂಡ ಯಾದಗಿರಿಯಲ್ಲಿ ಆಫೀಸಿನಲ್ಲಿದ್ದಾರೆ. ಇಬ್ಬರಿಗೂ ಹಳೇ ಗುರುತು.

ಫೋನ್ ನನ್ನ ಕೈಗೆ ಬಂತು. "ಗುರ್ತಿನವ್ರ ಅಂಗಡಿ ಅದ, ಸುಮ್ನ ತಗೊಂಡು ಬಾ. ನನ್ನ ಮಾನ ಕಳೀಬ್ಯಾಡ."

ಮೈ ಉರಿದು ಹೋಯಿತು. "ನಿಮ್ಮ ಮಾನ ಈ ಡಬ್ಬ್ಯಾಗ ಅದ ಏನ್ರಿ? ಇದ್ದರ ಒಡದೇ ನೋಡ್ತೀನಿ" ಅಂದು ಕಟ್ ಮಾಡಿದೆ.

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ನೋಡಲಿ. ನಾನು ದೋರನಹಳ್ಳಿಯ ಮಗಳು. ನಮ್ಮಪ್ಪ ಎತ್ತು ತರಲು ಹೋದರೆ, ಮಾರುವವನು ಸ್ವಂತ ಸೋದರಮಾವನಾದರೂ ಎತ್ತಿನ ಬಾಯಿ ತೆಗೆಸಿ, ಹಲ್ಲು ನೋಡಿ ವಯಸ್ಸು ತಿಳಿಯದೆ ವ್ಯಾಪಾರಕ್ಕೆ ಕೂರುತ್ತಿರಲಿಲ್ಲ. ಅದಕ್ಕೆ ಯಾರೂ ಸಿಟ್ಟಾಗುತ್ತಿರಲಿಲ್ಲ.

ಅಂಗಡಿಯವರು ಹತ್ತಿಕುಣಿ ಕಡೆಯವರು, ಒಕ್ಕಲುತನದ ಮನೆ. ಅದು ನನಗೆ ಗೊತ್ತಿತ್ತು.

"ನಿಮ್ಮ ಮನ್ಯಾಗ ಎತ್ತ ತರಾಗ ಹಲ್ಲ ನೋಡ್ತೀರೋ ಇಲ್ಲೋ?"

"ನೋಡ್ತೀವ್ರಿ."

"ಬೀಗರ ಎತ್ತಾದ್ರೂ?"

ಡಬ್ಬಿ ಕೈಗೆತ್ತಿಕೊಳ್ಳುತ್ತಾ, "ನೋಡ್ತೀವ್ರಿ."

"ಮತ್ತ ಇದ್ರದೂ ಬಾಯಿ ತೆಗೀರಿ."

ಗಿರಾಕಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಂಗಡಿಯವರು ಪ್ಯಾಕೆಟ್ ಒಡೆದು, ತಮ್ಮ ಕಂಪ್ಯೂಟರಿಗೆ ಜೋಡಿಸಿ, ನನ್ನ ಪೆನ್‌ಡ್ರೈವ್ ಹಾಕಿದರು.

ಹೊಸ ಡಿಸ್ಕ್ ಆಗಲೇ ಸಾವಿರಾರು ತಾಸು ಓಡಿ ಬಂದಿತ್ತು. ಪಕ್ಕಾ ಮುದಿ ಎತ್ತು.

"ನಮಗೂ ಹೊಸಾದಂತ ಹೇಳೇ ಕೊಟ್ಟಾರ್ರಿ..." ಅಂದರು. ಮುಖ ಸಣ್ಣದಾಗಿತ್ತು. ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ಆದರೆ ಒಳಗಿನಿಂದ ಇನ್ನೊಂದು ಡಬ್ಬಿ ತಂದು, ಈ ಸಲ ನಾನು ಕೇಳುವ ಮೊದಲೇ ಒಡೆದು ತೋರಿಸಿದರು. ಅದು ಒಂದು ತಾಸೂ ಓಡಿರಲಿಲ್ಲ. ಅದನ್ನೇ ತಂದೆ.

ಮನೆಯಲ್ಲಿ ಹಳೇ ಡಿಸ್ಕ್ ಕಟ್ ಕಟ್ ಅನ್ನುತ್ತಲೇ ಫೈಲುಗಳನ್ನು ಬಿಟ್ಟುಕೊಟ್ಟಿತು. ನಡುವೆ ಎರಡು ಸಲ ನಿಂತೇ ಹೋಯಿತು. ನವಿಲಿನ ಡಿಸೈನ್ ಬರಲೇ ಇಲ್ಲ, ಹೋಗಲಿ, ಮತ್ತೆ ಮಾಡಿದರಾಯಿತು.

ಬಳ್ಳಿ ಬಂತು. ಎಲ್ಲ ಎಲೆಗಳ ಸಮೇತ ಸ್ಕ್ರೀನ್ ಮೇಲೆ ತೆರೆದುಕೊಂಡಾಗ ಒಬ್ಬಳೇ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಮೊದಲು ಮಾಡಿದ ಕೆಲಸ, ಇನ್ನೊಂದು ಕಡೆ ಕಾಪಿ ಇಟ್ಟದ್ದು.

ಸಂಜೆ ಗಂಡ ಬಂದರು. ಅಷ್ಟರಲ್ಲಿ ಅಂಗಡಿಯವರೇ ಅವರಿಗೆ ಎಲ್ಲ ಹೇಳಿದ್ದರಂತೆ. ಚಹಾ ಕುಡಿದರು, ಟಿವಿ ನೋಡಿದರು, ಮಾನದ ಸುದ್ದಿ ಎತ್ತಲಿಲ್ಲ. ನಾನೂ ಬಿಟ್ಟೆ.

ಮೊನ್ನೆ ಆಫೀಸಿನ ಗೆಳೆಯರೊಬ್ಬರ ಹಳೇ ಬೈಕ್ ತಗೊಳ್ಳಲು ಹೊರಟವರು ಬಾಗಿಲಲ್ಲೇ ನಿಂತು ಚಪ್ಪಲಿ ಹಾಕುತ್ತಾ, ಹಾಕುತ್ತಾ... "ನೀನೂ ನಡಿ ಜರಾ. ಗುರ್ತಿನವ್ರು ಅದಾರ, ಬಿಚ್ಚಿ ತೋರಿಸ್ರಿ ಅನ್ನಾಕ ನನಗ ನಾಚಿಕಿ ಆಗ್ತದ."

ಹೋದೆ. ನನಗೆ ನಾಚಿಕೆ ಆಗಲಿಲ್ಲ.

ಈಗ ನೀವು ಹೇಳಿ, ಗುರುತಿನವರು ಅನ್ನುವ ಒಂದೇ ಕಾರಣಕ್ಕೆ ಬಾಯಿ ತೆಗೆಸಿ ನೋಡದೆ ನೀವು ಮನೆಗೆ ತಂದುಕೊಂಡ ಮುದಿ ಎತ್ತು ಯಾವುದು?