ಹುಲುಗಣ್ಣ ಬಡಿದು ನೋಡಿದ ಜಾಗ

ಸತ್ತವರು ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಆದ್ದರಿಂದ ಈಗ ನೀವು ನಕ್ಕರೂ ನನಗೆ ಬೇಜಾರಿಲ್ಲ.

ಸಂಡೂರು ಕಡೆಯ ಯಶವಂತನಗರದ ಹತ್ತಿರದ ಅದಿರಿನ ಗಣಿಯಲ್ಲಿ ನಾನು ಡ್ರಿಲ್ಲಿಂಗ್ ಮಷೀನ್ ನಡೆಸುತ್ತಿದ್ದೆ. ಜತೆಗಿದ್ದ ಹಿರಿಯ ಹುಲುಗಣ್ಣ, ರಂಧ್ರ ಕೊರೆಯುವ ಮೊದಲು ಹಾರೆಯಿಂದ ಬಂಡೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಒಂದು ದಿನ, "ಇಲ್ಲಿ ಬ್ಯಾಡಲೇ ತಮ್ಮ, ಟೊಳ್ಳೈತಿ" ಎಂದ. ಮಷೀನ್ ಇರುವಾಗ ಇವನ ಹಾರೆ ಯಾರಿಗೆ ಬೇಕು ಎಂದು ಅಲ್ಲೇ ಕೊರೆದೆ. ನೆಲ ಕುಸಿಯಿತು. ನನ್ನ ಹೊಟ್ಟೆಯ ಮೇಲೆ ಬಿದ್ದ ಕಲ್ಲನ್ನು ಎತ್ತಲು ಹೋಗಿ ಅವನು ಬಲಗೈಯ ಎರಡು ಬೆರಳು ಕಳೆದುಕೊಂಡ. ನನ್ನ ಮೈಮೇಲೆ ಒಂದು ಗಾಯವೂ ಉಳಿಯಲಿಲ್ಲ. ಅವನು ಬೈಯಲಿಲ್ಲ, ನಾನೂ ತಪ್ಪಾಯಿತು ಎನ್ನಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಅವನು ತೀರಿಕೊಂಡ.

ಕೆಲವು ವರ್ಷಗಳ ಹಿಂದೆ ನನ್ನ ಲಿವರ್‌ನಲ್ಲಿ ಗಡ್ಡೆ ಕಾಣಿಸಿತು. ಹೊಸಪೇಟೆಯ ವೈದ್ಯರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊಟ್ಟೆ ಉದ್ದಕ್ಕೂ ಕೊಯ್ಯದೆ, ಐದು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಬಿಟ್ಟು, ಗಡ್ಡೆಯಿದ್ದ ಭಾಗವನ್ನಷ್ಟೇ ತೆಗೆಯುವ ಆಪರೇಷನ್. ಬೆಳಿಗ್ಗೆ ಒಳಗೆ ಕರೆದೊಯ್ಯುವಾಗ, ನಾನೂ ರಂಧ್ರ ಕೊರೆದವನೇ ಎಂದು ಮಗಳನ್ನು ನಗಿಸಲು ನೋಡಿದೆ. ನಿಜ ಹೇಳಬೇಕೆಂದರೆ, ವಾಪಸು ಬರುವುದಿಲ್ಲವೆಂಬ ಭಯ ನನ್ನನ್ನು ಹಿಂಡುತ್ತಿತ್ತು.

ಅರಿವಳಿಕೆಯ ಮಂಪರು ಕವಿದ ಮೇಲೆ ಸಂಡೂರಿನ ಕೆಂಪು ಧೂಳು ಮೆಲ್ಲಗೆ ಇಳಿಯುತ್ತಿತ್ತು. ನಾನೇ ಗುಡ್ಡವಾಗಿ ಮಲಗಿದ್ದೆ. ಮೂರು ಬೆರಳಿನ ಕೈಯೊಂದು ನನ್ನ ಹೊಟ್ಟೆಯನ್ನು ಬಡಿಯುತ್ತಾ ಬಡಿಯುತ್ತಾ ಸಾಗಿತು. ನೋವಿಲ್ಲ, ಭಯವಿಲ್ಲ, ಹಾಯಾಗಿತ್ತು. ಹೊಕ್ಕುಳಿನ ಬಲಕ್ಕೆ ಒಂದು ಕಡೆ ಕೈ ನಿಂತಿತು.

"ಇಲ್ಲಿ ಬ್ಯಾಡ್ರಿ, ಟೊಳ್ಳೈತಿ. ಎರಡು ಬೆರಳು ಮ್ಯಾಲ ಹಾಕ್ರಿ" ಎಂದ ಹುಲುಗಣ್ಣ. ನನಗೆ ಅವನು ಎಂದೂ ಬಹುವಚನ ಹಚ್ಚಿದವನಲ್ಲ. ಬೇರೆ ಯಾರಿಗೋ ಹೇಳುತ್ತಿದ್ದ.

ಆಪರೇಷನ್ ಮಾಡಿ, ಮರುದಿನ ಪಟ್ಟಿ ಬಿಚ್ಚಿ ನೋಡಿದ ಡಾಕ್ಟರಮ್ಮ ಕಂಪ್ಲಿ ಕಡೆಯವರು. "ಹಿಂದ ಯಾವಾಗರ ಹೊಟ್ಟಿಗೆ ಪೆಟ್ಟು ಬಿದ್ದಿತ್ತೇನ್ರಿ? ಇಲ್ಲಿ ಒಳಗ ಕರುಳು ಅಂಟಿಕೊಂಡಿತ್ತು, ಸ್ಕ್ಯಾನ್‌ನ್ಯಾಗ ಕಂಡಿರಲಿಲ್ಲ. ಗುರುತು ಹಾಕಿದಲ್ಲೇ ಚುಚ್ಚಿದ್ರ ಕರುಳಿಗೇ ತೂತು ಬೀಳ್ತಿತ್ತು. ಯಾಕೋ ನನ್ನ ಕೈ ಮ್ಯಾಲ ಹೋತು" ಎಂದರು.

ಹೊಕ್ಕುಳಿನ ಬಲಕ್ಕೆ ಶಾಯಿಯ ಗುರುತು ಇನ್ನೂ ಮಾಸಿರಲಿಲ್ಲ. ಅಲ್ಲಿಂದ ಹೊಲಿಗೆಯವರೆಗೆ ಬೆರಳಿಟ್ಟು ಅಳೆದೆ. ಸರಿಯಾಗಿ ಎರಡು.

ಮಂಪರಿನಲ್ಲಿ ಡಾಕ್ಟರಮ್ಮ ಆಡಿದ ಮಾತೇ ನನ್ನ ಕಿವಿಗೆ ಬಿದ್ದಿರಬೇಕು ಎನ್ನುತ್ತಾಳೆ ಮಗಳು. ಇರಬಹುದು. ಆದರೆ ಆಗ ತಾನು ಬಾಯಿಯನ್ನೇ ಬಿಚ್ಚಿರಲಿಲ್ಲ ಎನ್ನುತ್ತಾರೆ ಡಾಕ್ಟರಮ್ಮ. ಗಡ್ಡೆ ಹೋಯಿತು, ನಾನು ಬದುಕಿದ್ದೇನೆ. ಬಗೆಹರಿಯದೆ ಉಳಿದದ್ದು ಇಷ್ಟೇ: ಪಕ್ಕದಲ್ಲೇ ನಿಂತು ಹೇಳಿದಾಗ ನಾನು ಅವನ ಮಾತು ಕೇಳಲಿಲ್ಲ. ಅವನನ್ನು ಕಂಡೇ ಇರದ ಆಕೆ ಹೇಗೆ ಕೇಳಿದರು?