ಪೀಪಾಯಿ ಕಟ್ಟುವ ಒಟ್ಮಾರನ ಮಾತು

ಒಟ್ಮಾರ್ ತ್ಸೆಂಕನ ಪರಿಚಯ ನನಗಾದದ್ದು ಅವನಿಂದ ಬೈಸಿಕೊಂಡು. ನಾನು ಈ ಊರಿನ ಶಾಲೆಗೆ ಬಂದ ಮೊದಲ ಶನಿವಾರ ಬಿಯರು ತಯಾರಿಸುವ ಬ್ರೂವರಿಯ ಪಬ್ಬಿಗೆ ಊಟಕ್ಕೆ ಹೋಗಿ, ಒಲೆಯ ಪಕ್ಕದ ದುಂಡು ಮೇಜಿನಲ್ಲಿ ಕುಳಿತಿದ್ದೆ. ಮೈಯೆಲ್ಲ ರಾಳ ನಾರುವ ಎತ್ತರದ ಆಳೊಬ್ಬ ಎದುರಿಗೆ ಬಂದು ನಿಂತ.

"ಯಾರ್ರೀ ನಿಮ್ಗೆ ಇಲ್ಲಿ ಕೂತ್ಕೊಳ್ಳೋಕೆ ಹೇಳಿದ್ದು? ಇದು ನಮ್ಮ ಮೇಜು."

"ಗೊತ್ತಿರ್ಲಿಲ್ಲ. ನಾನು ಹೊಸ ಮೇಷ್ಟ್ರು."

"ಮೇಷ್ಟ್ರಾ? ಹಂಗಾದ್ರೆ ಕಲೀರಿ!" ಎಂದವನೇ ನನ್ನ ತಟ್ಟೆಯನ್ನೆತ್ತಿ ಪಕ್ಕದ ಮೇಜಿನ ಮೇಲಿಟ್ಟ. ಅದೇ ದುಂಡು ಮೇಜಿಗೆ ಅವನೇ ನನ್ನನ್ನು ಕರೆಯಲು ಎಂಟು ವರ್ಷ ಹಿಡಿಯಿತು.

ಒಟ್ಮಾರ್ ಬ್ರೂವರಿಗೆ ಪೀಪಾಯಿ ಕಟ್ಟುತ್ತಿದ್ದ. ಓಕ್ ಹಲಗೆಗಳನ್ನು ಬೆಂಕಿಯಲ್ಲಿ ಬಗ್ಗಿಸಿ, ಕಬ್ಬಿಣದ ಬಳೆ ತೊಡಿಸಿ, ಒಳಗೆ ಬಿಸಿ ರಾಳ ಹೊಯ್ಯುವ ಕೆಲಸ. ಪ್ರತಿ ಪೀಪಾಯಿಯ ಒಂದು ಹಲಗೆಯ ಮೇಲೆ ತನ್ನ ಹೆಸರಿನ ಮುದ್ರೆಯನ್ನು ಕಾಯಿಸಿ ಒತ್ತುತ್ತಿದ್ದ. ನಿವೃತ್ತನಾದ ಮೇಲೆ ಬಂದವರಿಗೆ ಬ್ರೂವರಿ ಸುತ್ತಿ ತೋರಿಸುವ ಕೆಲಸ ವಹಿಸಿಕೊಂಡ. ಕೊನೆಗೆ ಯಾವಾಗಲೂ ಒಂದೇ ಮಾತು: "ಈಗ ಊಟಕ್ಕೆ ಕೂತಾಗ ನೀವು ಕುಡಿಯೋ ಬಿಯರು ನಾನು ಕಟ್ಟಿದ ಮರದ ಪೀಪಾಯಿಂದ ಬರುತ್ತೆ. ಇದು ನನ್ನ ಮಾತು."

ಹಳೆಯ ಧಣಿ ತೀರಿಕೊಂಡು ಅವನ ಅಳಿಯ ರೋಲಂಡ್ ಬ್ರೂವರಿ ನಡೆಸತೊಡಗಿದ. ಕಳೆದ ಶರತ್ಕಾಲದಲ್ಲಿ ಉತ್ತರದ ಕಡೆಯಿಂದ ಹದಿನೆಂಟು ಜನ ಬಂದಿದ್ದರು. ಒಟ್ಮಾರ್ ಎಲ್ಲವನ್ನೂ ತೋರಿಸಿ, ಆ ಮಾತನ್ನೂ ಆಡಿ, ಊಟಕ್ಕೆ ನನ್ನ ಪಕ್ಕ ಬಂದು ಕುಳಿತ. ಹುರಿದ ಹಂದಿಮಾಂಸ, ಆಲೂಗಡ್ಡೆ ಉಂಡೆ, ಮೇಲೆ ಬಿಸಿ ಸಾರು. ಎರಡು ತುತ್ತು ತಿಂದವನು ಮುಳ್ಳುಚಮಚ ಕೆಳಗಿಟ್ಟ. ಕಣ್ಣು ಕೌಂಟರಿನ ಮೇಲಿದ್ದ ಪೀಪಾಯಿಯ ಮೇಲೆ ನೆಟ್ಟಿತ್ತು.

"ಮೇಷ್ಟ್ರೇ, ಇದು ಮೂವತ್ತನೇ ಮಗ್ಗು. ಧಾರೆ ನೋಡಿ."

ನೋಡಿದೆ. ಮರದ ಪೀಪಾಯಿ ಖಾಲಿಯಾಗುತ್ತ ಬಂದಂತೆ ಧಾರೆ ಸಣ್ಣಗಾಗಬೇಕು. ಆಗ ಮೇಲಿನ ಬೆಣೆ ಕಿತ್ತು ಒಳಗೆ ಗಾಳಿ ಬಿಡಬೇಕು. ಅಂದು ಯಾರೂ ಬೆಣೆ ಕೀಳಲಿಲ್ಲ. ಮೂವತ್ತನೆಯ ಮಗ್ಗೂ ಮೊದಲನೆಯದರ ರಭಸದಲ್ಲೇ ತುಂಬಿತು.

ಒಟ್ಮಾರ್ ಎದ್ದು ಕೌಂಟರಿನ ಹಿಂದಕ್ಕೆ ಹೋದ. ನಾನೂ ಹೋದೆ. ಪೀಪಾಯಿಯ ಹಿಂಬದಿಯ ಮುಚ್ಚಳವನ್ನು ಗರಗಸದಿಂದ ಕೊಯ್ದು ತೆಗೆದಿದ್ದರು. ಒಳಗೆ ಉಕ್ಕಿನ ಡ್ರಮ್ಮು, ಅದಕ್ಕೆ ಬಿಯರನ್ನು ಹೊರದಬ್ಬುವ ಗ್ಯಾಸಿನ ಕೊಳವೆ. ಮರ ಬರಿಯ ತೋರಿಕೆಗೆ.

ರೋಲಂಡ್ ಓಡಿ ಬಂದ. "ಮೆತ್ತಗೆ, ಒಟ್ಮಾರ್. ಮರದ್ದು ತೊಳೀತಾ ಕೂರೋಕೆ ಯಾರಿಗಿದೆ ಪುರುಸೊತ್ತು? ಜನಕ್ಕೆ ಮರ ಕಣ್ಣಿಗೆ ಕಂಡ್ರೆ ಸಾಕು. ಯಾರಾದ್ರೂ ದೂರು ಹೇಳಿದ್ರಾ?"

"ಯಾವಾಗಿಂದ?"

"ಈಸ್ಟರ್ ಹಬ್ಬದಿಂದ."

"ಅಷ್ಟು ದಿನದಿಂದ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತಿದ್ದೀಯಾ!"

ಜಗಳ ಬೇಡವೆಂದು ನಾನು ಅವನ ತೋಳು ಹಿಡಿದೆ. "ಊಟ ಆರ್ತಾ ಇದೆ. ಮುಗಿಸಿ ಆಮೇಲೆ ಮಾತಾಡಿದ್ರಾಯ್ತು, ಬಾ."

"ಮಕ್ಳಿಗೆ ಏಳೆಂಟ್ಲ ಐವತ್ನಾಲ್ಕು ಅಂತ ಹೇಳ್ಕೊಟ್ಟು, ಊಟ ಮುಗಿಸ್ಕೊಂಡು ತಿದ್ತಿದ್ರಾ ಮೇಷ್ಟ್ರೇ ನೀವು?"

ಅವನ ತೋಳು ಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ. ರೋಲಂಡನ ಮೇಲಿನ ಸಿಟ್ಟೂ ಹೋಗಿಲ್ಲ.

ಒಟ್ಮಾರ್ ನೇರವಾಗಿ ಅತಿಥಿಗಳ ಮೇಜಿಗೆ ಹೋದ. "ಸ್ವಲ್ಪ ಕೇಳಿ. ಒಂದು ಗಂಟೆ ಹಿಂದೆ ನಿಮ್ಗೆ ನಾನು ಕೊಟ್ಟ ಮಾತು ಸುಳ್ಳು. ಇದು ಉಕ್ಕಿನ ಡ್ರಮ್ಮಿನ ಬಿಯರು."

ದಪ್ಪ ಮೀಸೆಯವನೊಬ್ಬ ಮಗ್ಗೆತ್ತಿ, "ಹೋಗ್ಲಿ ಬಿಡಿ ಯಜಮಾನ್ರೇ, ರುಚಿಯಾಗೇ ಇದೆಯಲ್ಲ!" ಎಂದ. ಮೇಜಿಗೆ ಮೇಜೇ ನಕ್ಕಿತು.

ಆ ನಗುವನ್ನು ಒಟ್ಮಾರನಿಗೆ ಸಹಿಸಲಾಗಲಿಲ್ಲ. ಕೌಂಟರಿನ ಪಕ್ಕ ತೂಗುಹಾಕಿದ್ದ ಕೊಡತಿಯನ್ನು ತೆಗೆದುಕೊಂಡು ಬಳೆಗಳನ್ನು ಸುತ್ತಲೂ ಬಡಿದ. ಒಂದು ಕಳಚಿತು, ಇನ್ನೊಂದು ಕಳಚಿತು. ಹಲಗೆಗಳು ದಡದಡನೆ ನೆಲಕ್ಕುರುಳಿದವು. ಉಕ್ಕಿನ ಡ್ರಮ್ಮು ಎಲ್ಲರೆದುರು ಬೋಳಾಗಿ ನಿಂತಿತು. ಈಗ ಯಾರೂ ನಗಲಿಲ್ಲ.

"ಅದು ಬ್ರೂವರಿ ಸೊತ್ತು!" ರೋಲಂಡ್ ಕೂಗಿದ.

"ಸೊತ್ತು ನೀನೇ ಇಟ್ಕೋ. ಹೆಸರು ನಂದು," ಎಂದು ಒಟ್ಮಾರ್ ಮುದ್ರೆಯಿದ್ದ ಹಲಗೆಯೊಂದನ್ನೇ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ತಟ್ಟೆಯ ಊಟ ಹಾಗೆಯೇ ಉಳಿಯಿತು.

ಮರುವಾರವೇ ರೋಲಂಡ್ ಡ್ರಮ್ಮಿಗೆ ಹೊಸ ಮರ ಹೊದಿಸಿದ. ಪಬ್ಬು ಎಂದಿನಂತೆ ತುಂಬುತ್ತದೆ. ನಾನು ಆ ಕಡೆಗೆ ಹೋಗುವುದಿಲ್ಲ.

ಒಟ್ಮಾರನಿಗೀಗ ಎಪ್ಪತ್ತಾರು. ಬೆಟ್ಟದಾಚೆಯ ಹಳ್ಳಿಯ ಸಣ್ಣ ಬ್ರೂವರಿಯೊಂದಕ್ಕೆ ಸೈಕಲ್ಲಿನಲ್ಲಿ ಹೋಗಿ ಅವರ ಹಳೆಯ ಪೀಪಾಯಿಗಳನ್ನು ದುರಸ್ತಿ ಮಾಡುತ್ತಾನೆ, ಶನಿವಾರ ಬಂದವರಿಗೆ ಸುತ್ತಿ ತೋರಿಸುತ್ತಾನೆ. ಆದರೆ ಮಾತು ಕೊಡುವ ಮೊದಲು ಪಬ್ಬಿನೊಳಕ್ಕೆ ಹೋಗಿ ಪೀಪಾಯಿಯನ್ನು ಸುತ್ತಲೂ ತಟ್ಟಿ ನೋಡುತ್ತಾನೆ. ಅಲ್ಲಿನ ಒಡತಿ ಕುನಿಗುಂಡಾ ಸಾರಿನ ಪಾತ್ರೆ ಹಿಡಿದು ಗೊಣಗುತ್ತಾಳೆ: "ಜನ ಹಸ್ಕೊಂಡು ಕೂತಿದಾರೆ. ನನ್ಮೇಲೂ ನಂಬಿಕೆ ಇಲ್ವಾ ನಿಮ್ಗೆ?"

"ಇಲ್ಲ," ಎನ್ನುತ್ತಾನೆ ಒಟ್ಮಾರ್, ಪೀಪಾಯಿಗೆ ಕಿವಿ ಹಚ್ಚಿ ಇನ್ನೊಮ್ಮೆ ತಟ್ಟುತ್ತ.