ಮೂರು ನೀರಿನ ಕೊತ್ತಂಬರಿ

ಮೊನ್ನೆ ಮಗನಿಗೆ ನೆಗಡಿಯಾಗಿ ಡಾಕ್ಟರು ಚೀಪುವ ಮಾತ್ರೆ ಬರೆದುಕೊಟ್ಟರು. ಪೊಟ್ಟಣ ಹರಿದದ್ದೇ ತಡ, ಕಿತ್ತಳೆಯ ಹುಳಿಹುಳಿ ವಾಸನೆ ಮೂಗಿಗೆ ಬಡಿಯಿತು. ಮಗ ಕೈ ಚಾಚಿ ನಿಂತಿದ್ದಾನೆ, ನಾನೋ ಮಾತ್ರೆ ಮೂಸುತ್ತಾ ನಿಂತೇ ಬಿಟ್ಟಿದ್ದೇನೆ. ಆ ವಾಸನೆ ಬಂದರೆ ನನಗೆ ನೆಗಡಿ ನೆನಪಾಗುವುದಿಲ್ಲ, ನಮ್ಮ ಕಾಂಪೌಂಡರ್ ಕಾಕಾ ನೆನಪಾಗುತ್ತಾರೆ...

ಹೊಸಪೇಟೆಯಲ್ಲಿ ನಮ್ಮದರಿಂದ ಮೂರನೆಯ ಮನೆ ಅವರದು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಮಲಪನಗುಡಿಯ ಎಮ್ಮೆಗಳಿಗೆ, ಗಾದಿಗನೂರಿನ ಎತ್ತುಗಳಿಗೆ ಔಷಧಿ ಕುಡಿಸಿ, ಫಿನಾಯಿಲ್ ನಾತ ಹೊತ್ತು ಲೂನಾದಲ್ಲಿ ಮನೆಗೆ ಬರುತ್ತಿದ್ದರು. ಬೆರಳುಗಳೋ, ಒಂದೊಂದೂ ಬಾಳೆಹಣ್ಣಿನಷ್ಟು ದಪ್ಪ. ಮಾತು ಕಡಿಮೆ. ಊಟ ಮಾಡದ ಮಕ್ಕಳಿಗೆ ಓಣಿಯ ಹೆಂಗಸರು "ಕಾಂಪೌಂಡರನ್ನ ಕರಿತೀನಿ ನೋಡು" ಎಂದು ಹೆದರಿಸುತ್ತಿದ್ದರು.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿಗಳು ಸಾಲುಗಟ್ಟಿ ನಮ್ಮ ರಸ್ತೆಯಲ್ಲೇ ಹೋಗುತ್ತಿದ್ದವು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನಿಂದ ಇಳಿಯುತ್ತಿದ್ದರು. ಅಪ್ಪ ಕೆಲಸಕ್ಕಿದ್ದ ಲಾರಿ ಆಫೀಸಿನ ಸಾಹುಕಾರರೂ ಹಾಗೆ ಮೇಲೆ ಬಂದವರೇ. ತಮ್ಮ ಮಕ್ಕಳಿಗೆಂದು ಎಲ್ಲಿಂದಲೋ ಒಂದು ಗಿನಿಪಿಗ್ ತರಿಸಿದರು. ಹದಿನೈದು ದಿನಕ್ಕೆ ಆ ಮಕ್ಕಳಿಗೆ ಅದು ಸಾಕಾಯಿತು, ಪಂಜರದ ಸಮೇತ ನಮ್ಮ ಮನೆಗೆ ಬಂತು. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು. ಅವ್ವ ಅದನ್ನು ಹಿಂದುಮುಂದು ನೋಡಿ, "ಇದರ ಬಾಲ ಯಾರ್ ಕಡಿದಾರ?" ಎಂದು ಕೇಳಿದ್ದಳು. ಬಿಳಿ ಮೈ, ಬೆನ್ನ ಮೇಲೆ ಬೆಲ್ಲದ ಬಣ್ಣದ ಮಚ್ಚೆ. ನಾನು ಲಾಡು ಎಂದು ಹೆಸರಿಟ್ಟೆ.

ನನಗಾಗ ಹನ್ನೊಂದು, ತಂಗಿಗೆ ಆರು. ಲಾಡುಗೆ ಊಟ ಹಾಕುವುದು ನನ್ನ ಪಾಲು, ಆ ಕೆಲಸ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮೊದಮೊದಲು ಹಿತ್ತಲಿನ ಗರಿಕೆ, ಸೊಪ್ಪು ಹಾಕುತ್ತಿದ್ದೆ. ಒಂದು ದಿನ ಎಲೆಯನ್ನು ಬಿಳಿ ಕರ್ಚೀಫಿನಿಂದ ಒರೆಸಿದರೆ ಕರ್ಚೀಫು ಕೆಂಪಾಯಿತು. ಎಲ್ಲದರ ಮೇಲೂ ಅದಿರಿನ ಧೂಳು! ಇದನ್ನು ತಿಂದರೆ ಹೊಟ್ಟೆಯಲ್ಲಿ ಕಲ್ಲಾಗುತ್ತದೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಹಸಿರು ಬಂದ್. ಬರೀ ಮಂಡಕ್ಕಿ, ಗೋಧಿ ಹೊಟ್ಟು, ಒಣಹುಲ್ಲು. ಎಷ್ಟು ಸ್ವಚ್ಛವಾಗಿ ಸಾಕುತ್ತಿದ್ದೇನೆ ಎಂದು ಜಂಬ ಬೇರೆ.

ತಿಂಗಳ ಮೇಲಾಗಿರಬೇಕು. ಒಂದು ಸಂಜೆ ಲಾಡು ತಂಗಿಯ ತೊಡೆಯಿಂದ ಜಾರಿ ಕೆಳಗೆ ಬಿತ್ತು. ಅವಳು ಕುಂತದ್ದು ಚಾಪೆಯ ಮೇಲೆ, ಏನು ಮಹಾ ಎತ್ತರ! ಆದರೆ ಮರುದಿನ ಬೆಳಿಗ್ಗೆ ಪಂಜರ ತೆಗೆದರೆ ಅದು ಎದ್ದು ಬರಲಿಲ್ಲ. ಮುಂಗಾಲಿನಲ್ಲಿ ತೆವಳುತ್ತಿದೆ, ಹಿಂಗಾಲುಗಳು ಒದ್ದೆ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿವೆ. "ನೀನ ಕೆಡವಿ ಇದರ ಸೊಂಟ ಮುರಿದೀದಿ! ಸತ್ತರ ನೀನ ಕೊಂದಂಗ!" ಎಂದು ತಂಗಿಯ ಮೇಲೆ ಹರಿಹಾಯ್ದೆ. ಅವಳು ಅಳಲೂ ಇಲ್ಲ. ಹೋಗಿ ಬಾಗಿಲ ಹಿಂದೆ ಕುಳಿತವಳು ಹಾಲನ್ನೂ ಮುಟ್ಟಲಿಲ್ಲ.

ಬಿಸಿ ಎಣ್ಣೆ ಹಚ್ಚಿ ಕಾಲು ಜಗ್ಗಿದರೆ ಸರಿಹೋದೀತು ಎಂದು ಅವ್ವ ಎಣ್ಣೆ ಕಾಯಿಸಿದಳು. ನಾನು ಕಾಲು ಹಿಡಿದಿದ್ದೆ, ಅಷ್ಟರಲ್ಲಿ ಅಪ್ಪ ಕಾಕಾರನ್ನು ಕರೆತಂದ.

"ಏ ತಂಗೀ, ಬಿಡು! ಜಗ್ಗಬ್ಯಾಡ. ಎಣ್ಣಿ ಬ್ಯಾಡ, ನೀರೂ ಬ್ಯಾಡ" ಎಂದು ಕಾಕಾ ನನ್ನ ಕೈ ಬಿಡಿಸಿದರು.

ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಬದಿಗೆ ಕೊಟ್ಟು ಮೆಲ್ಲಗೆ ಎತ್ತಿ, ಮಡಿಚಿದ ಹಳೆ ಸೀರೆಯ ಮೇಲೆ ಮಲಗಿಸಿದರು. ಎಮ್ಮೆಯ ಮೂಗುದಾರ ಎಳೆಯುವ ಕೈಯಾ ಇದು ಅನ್ನಿಸಿತು. ಹಿಂಗಾಲಿನ ಬೆರಳು ಮೆಲ್ಲಗೆ ಚಿವುಟಿದರು, ಕಾಲು ಹಿಂದಕ್ಕೆಳೆದುಕೊಂಡಿತು. ಮೊಣಕಾಲಿನ ಗಂಟು ಮುಟ್ಟಿದರು, ಕೀ ಎಂದು ಚೀರಿತು. ತುಟಿ ಸರಿಸಿದರೆ ಒಸಡಿನಲ್ಲಿ ರಕ್ತ.

"ಇದು ಕುಣಿಯೋದು ಬಿಟ್ಟು ಎಷ್ಟ್ ದಿನ ಆತು?"

ಆಗ ಹೊಳೆಯಿತು. ವಾರದಿಂದ ಅದು ಕುಣಿದಿರಲಿಲ್ಲ, ನನ್ನನ್ನು ಕಂಡರೆ ಹಾಕುತ್ತಿದ್ದ ಸಿಳ್ಳೆಯೂ ನಿಂತಿತ್ತು. ನಾನು ಸೋಮಾರಿ ಎಂದು ಬೈದು ಸುಮ್ಮನಾಗಿದ್ದೆ.

"ಹಸಿರು ಏನ್ ಹಾಕ್ತೀರಿ?"

"ಏನೂ ಇಲ್ರಿ ಕಾಕಾ... ಧೂಳು ಇರ್ತೈತಲ್ರಿ" ಎಂದೆ.

ಕಾಕಾ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅಪ್ಪನಿಗೆ, "ಈ ಪ್ರಾಣಿ ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದಕ್ಕ ಸೂಜಿ ಚುಚ್ಚಬಾರ್ದು. ದೊಡ್ಡ ಡಾಕ್ಟರನ್ನ ಕೇಳಿ ಬರ್ತೀನಿ" ಎಂದು ಮೂಲೆಯ ಟೆಲಿಫೋನ್ ಬೂತಿಗೆ ಹೋದರು. ಇಪ್ಪತ್ತೈದು ವರ್ಷ ದನಗಳ ನಡುವೆ ಇದ್ದ ಮನುಷ್ಯ, ಓಣಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಗೊತ್ತಿಲ್ಲ ಅಂದರು! ಆ ಮಾತಿನ ಬೆಲೆ ನನಗೆ ತಿಳಿದದ್ದು ಭಾಳ ವರ್ಷಗಳ ಮೇಲೆ.

ಬರುವಾಗ ಕೈಯಲ್ಲಿ ಕೊತ್ತಂಬರಿ ಕಟ್ಟು, ಒಂದು ಪೇರಲ ಹಣ್ಣು, ಕಿತ್ತಳೆ ವಾಸನೆಯ ಈ ಮಾತ್ರೆ. ಈ ಪ್ರಾಣಿಗೂ ಮನುಷ್ಯರಿಗೂ ಒಂದೇ ಕೊರತೆಯಂತೆ, ಸಿ ವಿಟಮಿನ್ ಮೈಯಲ್ಲಿ ತಾನಾಗಿ ಹುಟ್ಟುವುದಿಲ್ಲವಂತೆ, ಸೊಪ್ಪು, ಹಣ್ಣು ತಿಂದೇ ಪಡೆಯಬೇಕಂತೆ. ಅದಿಲ್ಲದೆ ಗಂಟು ಊದಿ ಕಾಲು ಸೋತಿದ್ದವು. ಡಾಕ್ಟರು ಹೇಳಿದಷ್ಟೇ ಚೂರನ್ನು ನೀರಲ್ಲಿ ಕರಗಿಸಿ, ನನ್ನ ಇಂಕ್ ಫಿಲ್ಲರು ತೊಳೆಸಿ, ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಟ್ಟರು. "ಹೊಟ್ಟಿ ಖಾಲಿ ಬಿಡಬ್ಯಾಡ್ರಿ. ತಾನ ತಿನ್ನದಿದ್ರ ನೀವ ತಿನಸ್ರಿ. ನಾಲ್ಕ್ ದಿನದಾಗ ಚೇತರಿಸದಿದ್ರ ಡಾಕ್ಟರ್ ಕಡೆ ಒಯ್ಯೋಣು."

ಆಮೇಲೆ ಬಾಗಿಲ ಹಿಂದೆ ಹೋಗಿ ತಂಗಿಯ ಎದುರು ಕುಕ್ಕರಗಾಲಿನಲ್ಲಿ ಕುಂತರು. "ನೀ ಕೆಡವಿದ್ದಕ್ಕ ಅದರ ಕಾಲು ಹೋಗಿಲ್ಲವ್ವಾ. ಕಾಲು ಮೊದಲ ಸೋತಿದ್ವು, ಅದಕ್ಕ ಜಾರಿ ಬಿತ್ತು." ಅಲ್ಲಿಯವರೆಗೆ ಅಳದವಳು ಆಗ ಹೋ ಎಂದು ಅತ್ತಳು. ಅವಳಿಗೆ ಇನ್ನೂ ಏನೋ ಮೆಲ್ಲಗೆ ಹೇಳಿದರು, ನನಗೆ ಕೇಳಿಸಲಿಲ್ಲ. ನಾನು ನೆಲ ನೋಡುತ್ತಾ ನಿಂತಿದ್ದೆ. ಹಾಗಾದರೆ ತಪ್ಪು ಯಾರದು ಎಂದು ಅವ್ವ ಕೇಳಿಯೇಬಿಟ್ಟಳು.

"ಧೂಳಿಂದು" ಅಂದರು ಕಾಕಾ. "ಮೂರು ನೀರಾಗ ತೊಳದು ಹಾಕ್ರಿ, ಮುಗೀತು."

ಮೊದಲ ನೀರು ಇಟ್ಟಿಗೆ ಕೆಂಪು, ಎರಡನೆಯದು ಚಹಾದ ಬಣ್ಣ, ಮೂರನೆಯದು ತಿಳಿ. ನಾನು ತೊಳೆಯುತ್ತಿದ್ದೆ, ತಂಗಿ ತಿನ್ನಿಸುತ್ತಿದ್ದಳು. ಕಾಕಾ ದಿನಾ ಸಂಜೆ ಲೂನಾ ನಿಲ್ಲಿಸಿ ಬಂದು ಕಾಲು ಮುಟ್ಟಿ ನೋಡಿ ಹೋಗುತ್ತಿದ್ದರು. ಎತ್ತಿನ ಕಾಂಪೌಂಡರ್ ಇಲಿಗೆ ಇಳಿದರು ಎಂದು ಓಣಿ ನಕ್ಕರೆ ತಾವೂ ನಗುತ್ತಿದ್ದರು. ಮೂರನೆಯ ದಿನ ಲಾಡು ಹಿಂಗಾಲು ಊರಿತು. ಎಂಟನೆಯ ದಿನ ಕೊತ್ತಂಬರಿಯ ಸದ್ದಿಗೆ ಸಿಳ್ಳೆ ಹಾಕಿತು. ನಾನೂ ತಂಗಿಯೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದೆವು. ಆಮೇಲೆ ಎರಡು ವರ್ಷ ಬದುಕಿತ್ತು.

ಆದರೆ ಹಸಿರು ನಿಲ್ಲಿಸಿದವಳು ನಾನು ಎಂದು ತಂಗಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕ್ಷಮೆಯನ್ನೂ ಕೇಳಿರಲಿಲ್ಲ. ಮೊನ್ನೆ ಮಾತ್ರೆಯ ವಾಸನೆ ಕುಂತಲ್ಲಿ ಕೂರಗೊಡದೆ, ಕಂಪ್ಲಿಯಲ್ಲಿರುವ ಅವಳಿಗೆ ಫೋನ್ ಮಾಡಿ ಹೇಳಿದೆ.

"ಗೊತ್ತು ಬಿಡಕ್ಕಾ" ಎಂದು ನಕ್ಕಳು. "ಕಾಕಾ ಆವತ್ತ ಹೇಳಿದ್ರು. ನಿಮ್ಮಕ್ಕ ಚೊಲೋ ಆಗ್ಲಿ ಅಂತನ ಮಾಡ್ಯಾಳ, ಆಕಿಗೆ ಏನೂ ಅನಬ್ಯಾಡ, ಆಕಿನೂ ಹೆದರ್ಯಾಳ ಅಂದಿದ್ರು. ನಾ ಆಣಿ ಮಾಡಿದ್ದೆ."

ಆರು ವರ್ಷದ ಕೂಸು ಇಷ್ಟು ವರ್ಷ ಆ ಆಣೆ ಕಾಪಾಡಿದೆ... ಆ ದಪ್ಪ ಬೆರಳಿನ ಮನುಷ್ಯ ಒಂದೇ ಬೆಳಿಗ್ಗೆ ನಮ್ಮ ಮನೆಯಲ್ಲಿ ಮೂರು ಜೀವ ಎತ್ತಿ ನಿಲ್ಲಿಸಿದ್ದರು, ಲಾಡು, ತಂಗಿ ಈ ಎರಡಷ್ಟೇ ನನಗೆ ಗೊತ್ತಿತ್ತು.

ಹೋಗಿ ಹೇಳೋಣವೆಂದರೆ ಮೂರನೆಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಕಾಕಾ ತೀರಿಕೊಂಡು ಆರು ವರ್ಷವಾಯಿತು. ಅವರು ಇದ್ದಷ್ಟು ದಿನವೂ ಎದುರಿಗೆ ಸಿಕ್ಕಾಗ ನಾನು ಅಂದದ್ದು ಒಂದೇ ಮಾತು, "ಆರಾಮ್ರಿ ಕಾಕಾ?"